ಟೀಚರ್‌ಗೆ ಗೊತ್ತಿರೋ ಮುಖಕ್ಕೆ ಸರ್ಕಾರದ ಕ್ಯಾಮೆರಾ ಯಾಕೆ?

ಮೊಬೈಲ್ ರೀಚಾರ್ಜ್ ಹತ್ತು ರೂಪಾಯಿ ಏರಿದರೆ ನಮ್ಮ ಟೈಮ್‌ಲೈನ್ ಇಡೀ ದಿನ ಕುದಿಯುತ್ತೆ. ಸರ್ಕಾರಿ ಶಾಲೆಗಳ ಸಾಫ್ಟ್‌ವೇರ್‌ಗೆ ಹೊಸ ಫೀಚರ್ ಬಂದರೆ ಮಾತ್ರ ಯಾರೂ ತಲೆ ಎತ್ತಲ್ಲ. ಅದು ಇಲಾಖೆಯ ಸುತ್ತೋಲೆ, ಟೀಚರ್‌ಗಳ ವಾಟ್ಸಾಪ್ ಗ್ರೂಪಿನ ಗೊಣಗಾಟ, ಅಷ್ಟೇ. 2025ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ 'ನಿರಂತರ'ವೂ ಹಾಗೇ ಸದ್ದಿಲ್ಲದೆ ಬಂದ ಫೀಚರ್. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಕ್ಕಳ ಹಾಜರಿಯನ್ನು ಮೊಬೈಲ್ ಕ್ಯಾಮೆರಾ ಹಿಡಿದು, ಎಐ ಮುಖ ಗುರುತಿಸುವಿಕೆ ಮೂಲಕ ತಗೊಳ್ಳೋ ವ್ಯವಸ್ಥೆ ಅದು. ಶಿಕ್ಷಣ ತಜ್ಞರು, ಮಕ್ಕಳ ಹಕ್ಕುಗಳ ಕಾರ್ಯಕರ್ತರು ಇದನ್ನು ವಿರೋಧಿಸಿದರು. ಆದರೆ ಈ ಚರ್ಚೆ ಬೆಂಗಳೂರಿನ ಪತ್ರಿಕಾಗೋಷ್ಠಿಗಳಾಚೆ ಹೆಚ್ಚು ದೂರ ಹೋಗಲಿಲ್ಲ.

ನಾನು ಇದನ್ನು ಕವಲೇದುರ್ಗದ ಬುಡದಿಂದ ನೋಡೋಣ ಅಂತೀನಿ. ತೀರ್ಥಹಳ್ಳಿ ತಾಲೂಕಿನ ಈ ಕೋಟೆಗೆ ವಾರಾಂತ್ಯಕ್ಕೆ ರೀಲ್ಸ್ ಮಾಡೋರು ಬರ್ತಾರೆ. ಕೋಟೆಯ ಸುತ್ತಮುತ್ತ, ಇತ್ತ ಹೊಸನಗರ, ಸಾಗರದ ಕಡೆಗೂ ಹೋದರೆ ಸಿಗೋದು ಅಡಿಕೆ ತೋಟ, ಗದ್ದೆ, ಕಾಡಿನ ನಡುವೆ ಹತ್ತೋ ಹದಿನೈದೋ ಮಕ್ಕಳಿರೋ ಸಣ್ಣ ಸಣ್ಣ ಶಾಲೆಗಳು. ಒಂದರಿಂದ ಮೂರನೇ ಕ್ಲಾಸಿನವರು ನಲಿಕಲಿ ಕೋಣೆಯಲ್ಲಿ ಒಟ್ಟಿಗೆ, ಉಳಿದವರು ಪಕ್ಕದ ಕೋಣೆಯಲ್ಲಿ. ಇಬ್ಬರು ಟೀಚರ್ ಇದ್ದರೆ ಪುಣ್ಯ. ಇಂಥ ಒಂದು ಶಾಲೆಯ ಟೀಚರ್ ಹತ್ತಿರ ಮುಖ ಗುರುತಿಸೋ ಹಾಜರಿ ಬಗ್ಗೆ ಕೇಳಿದೆ. "ಅಲ್ಲ ಮಾರಾಯ್ರೆ, ಇವತ್ತು ಕೆಳಮನೆ ಹುಡ್ಗ ಯಾಕೆ ಬಂದಿಲ್ಲ ಅಂತ ನಂಗೆ ಗೊತ್ತು. ಅವನ ಅಜ್ಜಿಗೆ ಹುಷಾರಿಲ್ಲ. ಅದನ್ನ ಬರೆಯೋಕೆ ಆ ಆ್ಯಪಲ್ಲಿ ಜಾಗ ಇರುತ್ತಾ?" ಅಂದರು.

ಆ ಜಾಗ ಇರಲ್ಲ. ಯಾಕಿರಲ್ಲ ಅಂತ ತಿಳಿಯೋಕೆ ಈ ಸಾಫ್ಟ್‌ವೇರ್ ಹೇಗೆ ಬೆಳೀತು ಅಂತ ನೋಡಬೇಕು.

ಕರ್ನಾಟಕದ ಶಾಲೆಗಳ ಬೆನ್ನೆಲುಬು ಸ್ಯಾಟ್ಸ್. ಪ್ರತಿ ಮಗುವಿಗೂ ಒಂದು ನಂಬರ್, ಆ ನಂಬರಿನ ಮೇಲೆ ದಾಖಲಾತಿ, ಹಾಜರಿ, ಅಂಕ, ಟಿಸಿ ಎಲ್ಲವೂ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ನೋಂದಣಿಯೂ ಇದರಿಂದಲೇ. ಇದರಿಂದ ಒಳ್ಳೇದಾಗಿದೆ, ಅದನ್ನು ಒಪ್ಪಲೇಬೇಕು. ಮೊದಲು ಒಂದೇ ಮಗು ಎರಡು ಶಾಲೆಯ ರಿಜಿಸ್ಟರ್‌ನಲ್ಲಿ ಇರೋದು, ಟಿಸಿಗಾಗಿ ಅಪ್ಪ ನಾಲ್ಕು ಸಲ ಬಸ್ ಹತ್ತೋದು ಮಾಮೂಲಾಗಿತ್ತು. ಈಗ ಅದು ಕಡಿಮೆ.

ಇದರ ಮೇಲೆ ಕೇಂದ್ರದ ಯುಡೈಸ್ ಪ್ಲಸ್ ಇದೆ. ಅದು ಮೊದಲು ಶಾಲೆಗೆ ಎಷ್ಟು ಮಕ್ಕಳು ಅಂತ ಕೇಳ್ತಿತ್ತು. 2022-23ರಿಂದ ಒಂದೊಂದು ಮಗುವಿನ ಹೆಸರು, ವಿವರ ಕೇಳೋಕೆ ಶುರು ಮಾಡಿತು. ಹೀಗೆ ಹೆಸರು ಹಿಡಿದು ಎಣಿಸಿದ ಮೇಲೆ ದೇಶದ ಒಟ್ಟು ದಾಖಲಾತಿ ಒಂದು ಕೋಟಿಗೂ ಹೆಚ್ಚು ಇಳೀತು. 2023-24ರಲ್ಲಿ ಅದು ಸುಮಾರು 24.8 ಕೋಟಿ. ಇಳಿದಿದ್ದರಲ್ಲಿ ಬೋಗಸ್ ಎಷ್ಟು, ದಾಖಲೆ ತಾಳೆಯಾಗದೆ ಬಿಟ್ಟುಹೋದ ನಿಜವಾದ ಮಕ್ಕಳೆಷ್ಟು ಅನ್ನೋದು ಬೇರೆಯೇ ಜಗಳ. ಯುಡೈಸ್‌ನಲ್ಲಿ ಮಗುವಿಗೆ ಪೆನ್ ಅನ್ನೋ ಇನ್ನೊಂದು ನಂಬರ್. ಅದರ ಮೇಲೆ 2023ರಿಂದ 'ಒಂದು ದೇಶ, ಒಂದು ವಿದ್ಯಾರ್ಥಿ ಐಡಿ' ಅಂತ 12 ಅಂಕಿಯ ಅಪಾರ್. ಕನ್ನಡದಲ್ಲಿ ಓದಿದರೆ ಹೆಸರು ಸರಿಯಾಗೇ ಇದೆ, ಯಾಕಂದ್ರೆ ಅದಕ್ಕಾಗಿ ತುಂಬೋ ಮಾಹಿತಿ ಅಪಾರವೇ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಟೀಚರ್‌ಗಳ ಸೇವಾ ವಿವರ, ತರಬೇತಿಗೆ ದೀಕ್ಷಾ, ಇವೆಲ್ಲ ಬೇರೆ. ಹದಿನೈದು ಮಕ್ಕಳ ಶಾಲೆಗೂ ಇಷ್ಟೇ ಪೋರ್ಟಲ್, ಸಾವಿರ ಮಕ್ಕಳ ಶಾಲೆಗೂ ಇಷ್ಟೇ. ಅಲ್ಲಾದರೆ ಕಂಪ್ಯೂಟರ್ ಮುಂದೆ ಕೂರೋಕೆ ಒಬ್ಬರು ಕ್ಲರ್ಕ್ ಇರ್ತಾರೆ. ಇಲ್ಲಿ ಪಾಠ ನಿಲ್ಲಿಸಿ ಟೀಚರೇ ಕೂರಬೇಕು.

ಈ ಎಲ್ಲದರ ಮೇಲೆ ಈಗ ಕ್ಯಾಮೆರಾ.

ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಮುಖ ಗುರುತಿಸೋದು ಅಂದ್ರೆ ಏನು ಅಂತ ಎರಡು ಮಾತಲ್ಲಿ ಹೇಳ್ತೀನಿ. ಸಾಫ್ಟ್‌ವೇರ್ ನಿಮ್ಮ ಫೋಟೋವನ್ನು ನಾವು ನೋಡೋ ಹಾಗೆ ನೋಡಲ್ಲ. ಮುಖವನ್ನು ನೂರಾರು ಅಂಕಿಗಳ ಒಂದು ಪಟ್ಟಿಯಾಗಿ ಬದಲಾಯಿಸುತ್ತೆ. ದಾಖಲಾತಿ ದಿನ ತೆಗೆದ ಪಟ್ಟಿ ಒಂದು, ಇವತ್ತು ತೆಗೆದದ್ದು ಇನ್ನೊಂದು. ಎರಡರ ನಡುವಿನ ದೂರ ಇಷ್ಟಕ್ಕಿಂತ ಕಡಿಮೆ ಇದ್ದರೆ ಅದೇ ಮಗು, ಹೆಚ್ಚಿದ್ದರೆ ಅಲ್ಲ. ಆ 'ಇಷ್ಟು' ಅನ್ನೋ ಗೆರೆಯನ್ನು ಎಲ್ಲೋ ಕೂತ ಯಾರೋ ಎಳೆದಿರ್ತಾರೆ. ಗೆರೆ ಬಿಗಿ ಮಾಡಿದರೆ ಬಂದ ಮಗುವಿಗೆ ಗೈರು ಬೀಳುತ್ತೆ. ಸಡಿಲ ಮಾಡಿದರೆ ಅಣ್ಣನ ಹಾಜರಿ ತಮ್ಮನಿಗೆ ಬೀಳುತ್ತೆ. ಎರಡನ್ನೂ ಪೂರ್ತಿ ಸೊನ್ನೆ ಮಾಡೋ ಗೆರೆ ಇಲ್ಲ.

ನೂರಕ್ಕೆ ಒಂದು ಸಲ ಮಾತ್ರ ತಪ್ಪುತ್ತೆ ಅಂತಿಟ್ಟುಕೊಳ್ಳಿ. ಹದಿನೈದು ಮಕ್ಕಳ ಶಾಲೆಯಲ್ಲಿ ಹೆಚ್ಚುಕಮ್ಮಿ ವಾರಕ್ಕೊಮ್ಮೆ ಒಂದು ಮಗು ಬೆಂಚಿನ ಮೇಲೆ ಕೂತೂ ಗೈರು. ರಾಜ್ಯದಲ್ಲಿ 40 ಲಕ್ಷ ಮಕ್ಕಳು ಅಂತ ಲೆಕ್ಕ ಹಿಡಿದರೆ ದಿನಕ್ಕೆ 40 ಸಾವಿರ ಸುಳ್ಳು ಗೈರು. ಇದು ನಾನು ಉದಾಹರಣೆಗೆ ಹಾಕಿದ ಲೆಕ್ಕ, ಇಲಾಖೆಯದ್ದಲ್ಲ. ಆದರೆ ಮಕ್ಕಳ ವಿಷಯದಲ್ಲಿ ತಪ್ಪು ಹೆಚ್ಚು ಅನ್ನೋದು ಗೊತ್ತಿರೋ ಸಂಗತಿ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2019ರ ವರದಿಯಲ್ಲಿ, ಒಬ್ಬರನ್ನು ಇನ್ನೊಬ್ಬರು ಅಂತ ತಪ್ಪಾಗಿ ಗುರುತಿಸೋ ಪ್ರಮಾಣ ಮಕ್ಕಳಲ್ಲಿ ಮತ್ತು ಮುದುಕರಲ್ಲಿ ಜಾಸ್ತಿ ಅಂತ ಹೇಳಿತ್ತು. ಅಮೆರಿಕ ಯಾಕೆ, ನಮ್ಮ ಆಧಾರ್ ಪ್ರಾಧಿಕಾರವೇ ಐದು ವರ್ಷದೊಳಗಿನ ಮಕ್ಕಳ ಬೆರಳಚ್ಚು, ಕಣ್ಣಿನ ಗುರುತು ತೆಗೆಯಲ್ಲ. ಐದಕ್ಕೊಮ್ಮೆ, ಹದಿನೈದಕ್ಕೊಮ್ಮೆ ಹೊಸದಾಗಿ ಕೊಡಲೇಬೇಕು ಅನ್ನುತ್ತೆ, ಯಾಕಂದ್ರೆ ಮಕ್ಕಳು ಬೆಳೀತಾರೆ. ಹಾಲುಹಲ್ಲು ಬಿದ್ದು, ಜ್ವರ ಬಂದು ಸೊರಗಿ, ಜಾತ್ರೆಗೆ ಮುಡಿ ಕೊಟ್ಟು ಬರೋ ಒಂದನೇ ಕ್ಲಾಸಿನ ಮುಖ ಜೂನ್‌ನಿಂದ ಮಾರ್ಚ್‌ಗೆ ಅದೇ ಆಗಿರುತ್ತಾ?

ಇನ್ನು ಮಳೆ. ಜುಲೈನಲ್ಲಿ ಹುಲಿಕಲ್, ಮಾಸ್ತಿಕಟ್ಟೆ ಕಡೆ ಹೇಗೆ ಸುರಿಯುತ್ತೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಕರೆಂಟ್ ಹೋಗುತ್ತೆ, ಅದರ ಹಿಂದೆ ಟವರ್ ಹೋಗುತ್ತೆ. 2021ರಲ್ಲಿ ಸಾಗರದ ಶರಾವತಿ ಹಿನ್ನೀರಿನ ಹಳ್ಳಿಗಳ ಯುವಕರು 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಅಭಿಯಾನ ಮಾಡಿದ್ದು ನೆನಪಿರಬಹುದು. ಆನ್‌ಲೈನ್ ಕ್ಲಾಸಿಗೆ ಮಕ್ಕಳು ಗುಡ್ಡ ಹತ್ತುತ್ತಿದ್ದ ಕಾಲ ಅದು. ಈಗ ಮಕ್ಕಳು ಗುಡ್ಡ ಇಳಿದು ಶಾಲೆಗೆ ಬಂದಿದ್ದಾರೆ, ಗುಡ್ಡ ಹತ್ತೋ ಸರದಿ ಟೀಚರ್‌ದು. ಆ್ಯಪ್ ಆಫ್‌ಲೈನ್ ಕೆಲಸ ಮಾಡುತ್ತೆ ಅಂತ ಮಾಡಬಹುದು, ಮಾಡಲೇಬೇಕು. ಆದರೆ ಹಾಗೆ ಮಾಡಿದರೆ ಮಕ್ಕಳ ಮುಖದ ಮಾಹಿತಿ ಸಿಂಕ್ ಆಗೋವರೆಗೆ ಟೀಚರ್‌ನ ಸ್ವಂತ ಫೋನಿನಲ್ಲೇ ಕೂತಿರುತ್ತೆ. ಆ ಫೋನ್ ಸಂಜೆ ಅವರ ಮನೆ ಮಕ್ಕಳ ಕೈಗೆ ಹೋಗುತ್ತೆ.

ಹಾಜರಿಗಿಂತಲೂ ಹೆಚ್ಚು ಕಣ್ಣೀರು ಹಾಕಿಸ್ತಿರೋದು ಮಾತ್ರ ಹೆಸರು. ಅಪಾರ್ ಆಗಬೇಕಂದ್ರೆ ಶಾಲಾ ದಾಖಲೆಯ ಹೆಸರಿಗೂ ಆಧಾರ್‌ನ ಹೆಸರಿಗೂ ತಾಳೆಯಾಗಬೇಕು. ಕೇಳೋಕೆ ಸುಲಭ. ಆದರೆ ನಮ್ಮ ಹೆಸರುಗಳು ಫಾರ್ಮ್‌ಗೆ ಹುಟ್ಟಿದವಲ್ಲ. ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ನಮ್ಮ ಹೆಸರು, ಇದು ಈ ಕಡೆಯ ಪದ್ಧತಿ. ಇದೇ ತೀರ್ಥಹಳ್ಳಿ ತಾಲೂಕಿನ ಇಬ್ಬರನ್ನು ತಗೊಳ್ಳಿ. ಕೆ.ವಿ. ಪುಟ್ಟಪ್ಪ: ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಹುಡುಗ. ಯು.ಆರ್. ಅನಂತಮೂರ್ತಿ: ಹುಟ್ಟಿದ್ದು ಮೇಳಿಗೆಯಲ್ಲಿ, ಹೆಸರಿನ ಮುಂದೆ ಉಡುಪಿ, ರಾಜಗೋಪಾಲಾಚಾರ್ಯ ತಂದೆ. ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಅಂತ ಮೂರು ಖಾನೆ ಇರೋ ಫಾರ್ಮ್ ಕೊಟ್ಟರೆ ಕುವೆಂಪು ಅವರು 'ಶ್ರೀ ಕುಪ್ಪಳಿ' ಆಗ್ತಾರೆ, ಅನಂತಮೂರ್ತಿ 'ಶ್ರೀ ಉಡುಪಿ'. ಇಬ್ಬರಿಗೂ ಅಪಾರ್ ರಿಜೆಕ್ಟ್.

ತಮಾಷೆ ಇಲ್ಲಿಗೆ ಮುಗೀತು. ಇವತ್ತಿನ ಮಗುವಿನ ಕಥೆ ಬೇರೆ. ಜನನ ಪ್ರಮಾಣಪತ್ರದಲ್ಲಿ ಮಂಜುನಾಥ, ಆಧಾರ್‌ನ ಇಂಗ್ಲಿಷ್‌ನಲ್ಲಿ ಕೊನೆಯ ಒಂದು 'ಎ' ಇಲ್ಲ, ಶಾಲೆಯಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಸಾಫ್ಟ್‌ವೇರ್‌ಗೆ ಇವು ಮೂವರು ಬೇರೆ ಬೇರೆ ಮನುಷ್ಯರು. ತಿದ್ದಿಸೋಕೆ ಅಮ್ಮ ಒಂದು ದಿನದ ಕೂಲಿ ಬಿಟ್ಟು ಪೇಟೆಯ ಆಧಾರ್ ಕೇಂದ್ರಕ್ಕೆ ಹೋಗಬೇಕು. ಸರ್ವರ್ ಡೌನ್ ಇದ್ದರೆ ಇನ್ನೊಂದು ದಿನ. ಮಗುವಿನ ಹೆಸರು ಏನು ಅಂತ ಹೇಳೋ ಅಧಿಕಾರ ಒಂದು ಕಾಲದಲ್ಲಿ ಅಪ್ಪ-ಅಮ್ಮನಿಗೆ ಇತ್ತು, ಹೆಡ್‌ಮಾಸ್ಟರ್ ಬರೆದುಕೊಳ್ತಿದ್ದರು. ಈಗ ಅದು ಸ್ಟ್ರಿಂಗ್ ಮ್ಯಾಚ್ ಮಾಡೋ ನಾಲ್ಕು ಸಾಲಿನ ಕೋಡ್‌ಗೆ ಹೋಗಿದೆ. ಎರಡು ಹೆಸರು 'ಹತ್ತಿರ ಹತ್ತಿರ ಒಂದೇ' ಅಂತ ಗುರುತಿಸೋ ವಿಧಾನಗಳು ಕಂಪ್ಯೂಟರ್ ಸೈನ್ಸ್‌ನಲ್ಲಿ ದಶಕಗಳಿಂದ ಇವೆ. ಮುಖ ಗುರುತಿಸೋಕೆ ಎಐ ತರೋ ಇಲಾಖೆಗೆ ಮಂಜುನಾಥನೂ ಮಂಜುನಾಥ್‌ನೂ ಒಬ್ಬನೇ ಅಂತ ಗುರುತಿಸೋ ಫೀಚರ್ ಯಾಕೆ ತುರ್ತು ಅನ್ನಿಸಲ್ಲ?

ಯಾಕಂದ್ರೆ ಈ ಸಾಫ್ಟ್‌ವೇರ್‌ನ ಬಳಕೆದಾರ ಮಗುವೂ ಅಲ್ಲ, ಪೋಷಕರೂ ಅಲ್ಲ, ಟೀಚರೂ ಅಲ್ಲ. ಅವರೆಲ್ಲ ಮಾಹಿತಿ ತುಂಬೋರು. ಬಳಕೆದಾರ ಅಂದ್ರೆ ಡ್ಯಾಶ್‌ಬೋರ್ಡ್ ನೋಡೋರು, ಬಿಇಒ ಕಚೇರಿಯಿಂದ ಮೇಲಕ್ಕೆ. ಕಂಪನಿಗಳಲ್ಲಿ ನಮಗೆ ಮೊದಲ ದಿನ ಕಲಿಸೋದೇ ಇದು: ಯಾರ ದೂರಿಗೆ ಬೆಲೆ ಇದೆಯೋ ಅವರೇ ಯೂಸರ್.

ಆ ಡ್ಯಾಶ್‌ಬೋರ್ಡಿನ ಸಂಖ್ಯೆ ಸುಮ್ಮನೆ ಸಂಖ್ಯೆಯಾಗಿ ಉಳಿಯಲ್ಲ. ಮಕ್ಕಳ ಸಂಖ್ಯೆ ಮೇಲೆ ಟೀಚರ್ ಹುದ್ದೆ ನಿಂತಿದೆ, ಅಡುಗೆಯವರ ಕೆಲಸ ನಿಂತಿದೆ, ಕೊನೆಗೆ ಶಾಲೆಯೇ ನಿಂತಿದೆ. ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ವಿಸ್ತರಿಸೋ ಹೆಸರಲ್ಲಿ ಸುತ್ತಲಿನ ಸಣ್ಣ ಶಾಲೆಗಳನ್ನು ವಿಲೀನ ಮಾಡ್ತಾರೆ ಅಂತ 2025ರ ಕೊನೆಯಲ್ಲಿ ರಾಜ್ಯದ ಹಲವೆಡೆ ಪ್ರತಿಭಟನೆ ನಡೆದವು. ಯಾವ ಶಾಲೆಯನ್ನೂ ಮುಚ್ಚಲ್ಲ ಅಂತ ಸರ್ಕಾರ ಹೇಳಿತು. ಇರಬಹುದು. ಆದರೆ ಹದಿನೈದು ಮಕ್ಕಳ ಶಾಲೆಯಲ್ಲಿ ಮೂರು ಮಕ್ಕಳು ತೆರೆಯ ಮೇಲೆ ಕಾಣದಿದ್ದರೆ ಐದರಲ್ಲಿ ಒಂದು ಪಾಲು ಹೋಯ್ತು. ಅಡಿಕೆ ಕೊಯ್ಲಿನ ಕಾಲಕ್ಕೆ ಬಯಲುಸೀಮೆಯಿಂದ ಬರೋ ಕೂಲಿ ಕುಟುಂಬಗಳ ಮಕ್ಕಳನ್ನು ನೋಡಿ. ಹಳೇ ಶಾಲೆ ಬಿಟ್ಟುಕೊಡೋವರೆಗೆ ಹೊಸ ಶಾಲೆಯ ತೆರೆಯಲ್ಲಿ ಅವರಿಲ್ಲ. ಎಲ್ಲೂ ಸೇರದ ಮಕ್ಕಳನ್ನು ಇಡೋ ಪಟ್ಟಿಗೆ ಯುಡೈಸ್‌ನಲ್ಲಿ ಒಂದು ಹೆಸರಿದೆ: ಡ್ರಾಪ್‌ಬಾಕ್ಸ್. ಮಗು ಬೆಂಚಿನ ಮೇಲೆ ಕೂತಿರುತ್ತೆ, ದಾಖಲೆ ಡಬ್ಬದೊಳಗೆ.

ಇಲ್ಲಿ ಎದುರು ವಾದ ಇದೆ, ಅದು ಗಟ್ಟಿಯಾಗೇ ಇದೆ. ಸುಳ್ಳು ಹಾಜರಿ ಬರೆದು ಅಕ್ಕಿ, ಹಾಲಿನ ಪುಡಿ ಹೊಡೆಯೋರು ಇಲ್ವಾ? ಇದ್ದಾರೆ. ಕ್ಯಾಮೆರಾ ಇಟ್ಟರೆ ನಿಜ ಹೊರಗೆ ಬರೋದಿಲ್ವಾ? ಕೆಲವು ಸಲ ಬರುತ್ತೆ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ತಂದಾಗ, ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಕೃಪಾಂಕ ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳೀತು. ನಕಲಿನ ಪ್ರಮಾಣ ಎಷ್ಟಿತ್ತು ಅಂತ ಅದೊಂದೇ ವರ್ಷ ಹೇಳಿಬಿಟ್ಟಿತು. ಆ ಕ್ಯಾಮೆರಾವನ್ನು ನಾನು ವಿರೋಧಿಸಲ್ಲ. ಅದು ವರ್ಷಕ್ಕೆ ಕೆಲವು ದಿನ, ಮೂರು ಮೂರು ಗಂಟೆ ಒಂದು ಕೋಣೆಯನ್ನು ನೋಡಿತು. ಯಾವ ಮಗುವಿನ ಮುಖವನ್ನೂ ಅಂಕಿಗಳಾಗಿ ಮಾಡಿ ಹೆಸರಿನ ಪಕ್ಕ ಇಟ್ಟುಕೊಳ್ಳಬೇಕಾದ ಕೆಲಸ ಅದರದ್ದಲ್ಲ.

ಕಳ್ಳರಿಗೆ ದಿನಾ ಕ್ಯಾಮೆರಾ ಅಭ್ಯಾಸವಾಗುತ್ತೆ. ನರೇಗಾ ಕೆಲಸದ ಹಾಜರಿಗೆ ಫೋಟೋ ಕಡ್ಡಾಯ ಮಾಡಿದ್ದರಲ್ಲ, 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವಿಲ್ಲದ ಫೋಟೋ, ಫೋಟೋದ ಫೋಟೋ ಅಪ್‌ಲೋಡ್ ಆಗ್ತಿದೆ ಅಂತ ಒಪ್ಪಿಕೊಂಡಿತು. ಮೋಸ ಮಾಡೋರು ದಾರಿ ಕಂಡುಕೊಂಡರು. ನೆಟ್‌ವರ್ಕ್ ಇಲ್ಲದ ಊರಲ್ಲಿ ನಿಯತ್ತಾಗಿ ಕೆಲಸ ಮಾಡಿದವರ ಕೂಲಿ ನಿಂತಿತು.

ಸುಳ್ಳು ಹಾಜರಿ ಪತ್ತೆ ಮಾಡೋಕೆ ಎಲ್ಲ ಮಕ್ಕಳ ಮುಖ ಬೇಕಿಲ್ಲ, ಸ್ಯಾಂಪಲ್ ಸಾಕು. ಈ ಬುದ್ಧಿ ಈ ನೆಲಕ್ಕೆ ಹೊಸದೂ ಅಲ್ಲ. ಕವಲೇದುರ್ಗವನ್ನು ಆಳಿದ ಕೆಳದಿ ಅರಸರಲ್ಲಿ ಶಿವಪ್ಪನಾಯಕ ಹೆಸರಾಗಿದ್ದೇ 'ಶಿಸ್ತು' ಅನ್ನೋ ಕಂದಾಯ ಪದ್ಧತಿಯಿಂದ. ಭೂಮಿಯನ್ನು ಬಗೆಬಗೆಯಾಗಿ ವಿಂಗಡಿಸಿ, ಪ್ರತಿ ಬಗೆಯಲ್ಲೂ ಒಂದೊಂದು ತುಂಡು ಆರಿಸಿ, ಹನ್ನೆರಡು ವರ್ಷದ ಬೆಳೆ ಲೆಕ್ಕ ತೆಗೆಸಿ, ಅದರ ಸರಾಸರಿ ಮೇಲೆ ತೆರಿಗೆ ಕಟ್ಟಿದ ಅಂತ ಇತಿಹಾಸಕಾರರು ಬರೀತಾರೆ. ಹದಿನೇಳನೇ ಶತಮಾನದ ಆ ಅರಸ ಪ್ರತಿ ರೈತನ ಕಣಕ್ಕೂ ದಿನಾ ಕಾವಲು ಹಾಕಲಿಲ್ಲ. ಇವತ್ತಿನ ಲೆಕ್ಕ ಇನ್ನೂ ಸುಲಭ. ರಾಜ್ಯದಲ್ಲಿ ಎಷ್ಟೇ ಸಾವಿರ ಶಾಲೆ ಇರಲಿ, ಚೀಟಿ ಎತ್ತಿದ ಹಾಗೆ ಆರಿಸಿದ 400 ಶಾಲೆಗೆ ಹೇಳದೆ ಕೇಳದೆ ಹೋಗಿ ತಲೆ ಎಣಿಸಿದರೆ, ಎಷ್ಟು ಶಾಲೆಗಳು ಸುಳ್ಳು ಬರೀತಿವೆ ಅನ್ನೋದು ಶೇ. 5ರ ಆಚೀಚೆಗೆ ಗೊತ್ತಾಗುತ್ತೆ. ಅದಕ್ಕೆ ಬೇಕಿರೋದು ಜೀಪು, ಡೀಸೆಲ್, ತುಂಬಿದ ಸಿಆರ್‌ಪಿ ಹುದ್ದೆಗಳು. ಎಐ ಬೇಡ.

ಒಪ್ಪಿಗೆಯ ಮಾತಿಗೆ ಬರೋಣ. ಸ್ವೀಡನ್ನಿನ ಶೆಲೆಫ್ಟಿಯೊ ಅನ್ನೋ ಊರಿನ ಶಾಲೆಯೊಂದು 22 ವಿದ್ಯಾರ್ಥಿಗಳ ಮೇಲೆ ಕೆಲವೇ ವಾರ ಇದೇ ಪ್ರಯೋಗ ಮಾಡಿತು, ಪೋಷಕರ ಒಪ್ಪಿಗೆ ಪಡೆದೇ. 2019ರಲ್ಲಿ ಅಲ್ಲಿನ ದತ್ತಾಂಶ ಪ್ರಾಧಿಕಾರ ಎರಡು ಲಕ್ಷ ಕ್ರೋನಾ ದಂಡ ಹಾಕಿತು. ಕಾರಣ ಸರಳ: ಶಾಲೆ ಮೇಲೆ ಅವಲಂಬಿತರಾದವರು ಶಾಲೆಗೆ ಕೊಡೋ ಒಪ್ಪಿಗೆ ಸ್ವತಂತ್ರ ಒಪ್ಪಿಗೆ ಅಲ್ಲ. ಹಾಜರಿ ಹಾಕೋಕೆ ಇದಕ್ಕಿಂತ ಕಡಿಮೆ ಆಕ್ರಮಣಕಾರಿ ದಾರಿಗಳಿವೆ.

ನಮ್ಮಲ್ಲಿ? 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂದಿತು. ಆ ಮೊಕದ್ದಮೆ ಹೂಡಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು, ಅವರ ಚಲನವಲನದ ಮೇಲೆ ನಿಗಾ ಇಡುವಂತಿಲ್ಲ ಅನ್ನುತ್ತೆ. ಆದರೆ 2025ರ ನವೆಂಬರ್‌ನಲ್ಲಿ ಬಂದ ನಿಯಮಗಳು ಶೈಕ್ಷಣಿಕ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಯ ಹೆಸರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಇದರಿಂದ ವಿನಾಯಿತಿ ಕೊಟ್ಟಿವೆ. ಹಾಜರಿ ಶೈಕ್ಷಣಿಕ ಚಟುವಟಿಕೆ ಅಲ್ಲ ಅಂತ ಯಾವ ವಕೀಲ ವಾದಿಸ್ತಾರೆ ನೋಡೋಣ. ಅಷ್ಟಾಗಿಯೂ ಕಾಯ್ದೆಯ ಮುಖ್ಯ ಬಾಧ್ಯತೆಗಳು ಜಾರಿಗೆ ಬರೋದು 18 ತಿಂಗಳ ನಂತರ, ಅಂದ್ರೆ 2027ರ ಮೇ ಹೊತ್ತಿಗೆ.

ಅಷ್ಟರೊಳಗೆ ಸೋರಿದರೆ? ದೀಕ್ಷಾ ಆ್ಯಪಿನ ಮಾಹಿತಿ ಬೀಗವಿಲ್ಲದ ಕ್ಲೌಡ್ ಸರ್ವರ್‌ನಲ್ಲಿ ಬಿದ್ದಿದ್ದು, ಲಕ್ಷಾಂತರ ಟೀಚರ್‌ಗಳ ಹೆಸರು, ಫೋನ್ ನಂಬರ್, ಇಮೇಲ್ ಯಾರು ಬೇಕಾದರೂ ನೋಡುವಂತಿದ್ದಿದ್ದು 2023ರ ಜನವರಿಯಲ್ಲಿ ಬಯಲಾಯಿತು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಪವರ್‌ಸ್ಕೂಲ್ ಅನ್ನೋ ಶಾಲಾ ಸಾಫ್ಟ್‌ವೇರ್‌ನಿಂದ ಕೋಟ್ಯಂತರ ವಿದ್ಯಾರ್ಥಿಗಳ ಮಾಹಿತಿ ಕದ್ದವನು 19 ವರ್ಷದ ಕಾಲೇಜು ಹುಡುಗ. ಫೋನ್ ನಂಬರ್ ಸೋರಿದರೆ ಸಿಮ್ ಬದಲಾಯಿಸಬಹುದು.

ಹಾಗಂತ ಸಾಫ್ಟ್‌ವೇರೇ ಬೇಡ ಅಂತಲ್ಲ. ನನಗೆ ಬೇಕಾದ ಫೀಚರ್‌ಗಳಿವೆ. ಒಂದು ಕಡೆ ತುಂಬಿದ್ದು ಉಳಿದ ಪೋರ್ಟಲ್‌ಗಳಿಗೆ ತಾನೇ ಹೋಗಲಿ. ಹೆಸರಿನ ಸಣ್ಣ ವ್ಯತ್ಯಾಸ ಸರಿಪಡಿಸೋ ಅಧಿಕಾರ ಹೆಡ್‌ಮಾಸ್ಟರ್‌ಗೆ ವಾಪಸ್ ಬರಲಿ. ನನ್ನ ಮಗುವಿನ ದಾಖಲೆಯನ್ನು ಯಾವ ಕಚೇರಿ ಯಾವತ್ತು ತೆಗೆದು ನೋಡಿತು ಅಂತ ಪೋಷಕರಿಗೆ ಕನ್ನಡದಲ್ಲಿ ಕಾಣಲಿ. ಮಗು ಯಾಕೆ ಬಂದಿಲ್ಲ ಅಂತ ಬರೆಯೋ ಜಾಗ ಬರಲಿ. ಸತತ ಏಳು ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಅಂತ ನೋಡಬೇಕು ಅನ್ನೋ ನಿಯಮ ನಮ್ಮ ರಾಜ್ಯದಲ್ಲಿದೆ. ಆ ಏಳು ದಿನದಲ್ಲಿ ಯಾರಾದರೂ ಮನೆಗೆ ಹೋಗಬೇಕಾದರೆ ಕಾರಣ ಗೊತ್ತಿರಬೇಕು. ಹೊಳೆ ಏರಿದೆ, ಕಾಲುಸಂಕ ಕೊಚ್ಚಿಹೋಗಿದೆ ಅಂತ ಹತ್ತು ಶಾಲೆಗಳು ಒಂದೇ ವಾರ ಬರೆದರೆ ಅದು ಪಿಡಬ್ಲ್ಯುಡಿಗೆ ಹೋಗಬೇಕಾದ ಮಾಹಿತಿ.

ಇದನ್ನು ಓದ್ತಿರೋ ನಿಮ್ಮಲ್ಲಿ ಸುಮಾರು ಜನರ ತಮ್ಮ, ತಂಗಿ, ಅಕ್ಕನ ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದಾರೆ. ಫೋಟೋ ಒಪ್ಪಿಗೆಯ ಫಾರ್ಮ್ ಮನೆಗೆ ಬಂದರೆ ಸಹಿ ಹಾಕೋ ಮುಂಚೆ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ: ಮುಖದ ಮಾಹಿತಿ ಯಾವ ಸರ್ವರ್‌ನಲ್ಲಿರುತ್ತೆ, ಆ ಸಾಫ್ಟ್‌ವೇರ್ ಮಾಡಿದ ಕಂಪನಿ ಯಾವುದು, ಮಗು ಶಾಲೆ ಬಿಟ್ಟ ಮೇಲೆ ಅಳಿಸ್ತಾರಾ, ಒಪ್ಪದಿದ್ದರೆ ಮಗುವಿನ ಊಟ, ಮೊಟ್ಟೆ, ಹಾಜರಿಗೆ ಏನಾಗುತ್ತೆ. ಉತ್ತರವನ್ನು ಬರವಣಿಗೆಯಲ್ಲಿ ಕೇಳಿ. ಹೆಡ್‌ಮಾಸ್ಟರ್ ಮೇಲೆ ರೇಗಬೇಡಿ, ಅವರಿಗೂ ಯಾರೂ ಹೇಳಿರಲ್ಲ. ನವೆಂಬರ್ ಆಸುಪಾಸಿಗೆ ಗ್ರಾಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತೆ. ಅಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ಇದೇ ಪ್ರಶ್ನೆ ಕೇಳಿದರೂ ಅದು ಪಂಚಾಯ್ತಿಯ ನಡಾವಳಿ ಪುಸ್ತಕಕ್ಕೆ ಹೋಗುತ್ತೆ.